ಗೋಡೆಯಾಚೆಯ ಉಸಿರು

ಯೆಂಗ್ ಅಜ್ಜಿಯ ಬಾಗಿಲಿಗೆ ಹಸಿರು ಕೊಂಬೆ ಸಿಕ್ಕಿಸಿದ್ದರು. ಮೊಮ್ಮಗುವಿನ ಜ್ವರಕ್ಕೆ ಪೂಜೆಯಾಗಿದೆ, ಎಲೆ ಒಣಗುವವರೆಗೆ ಹೊರಗಿನವರು ಹೊಸಿಲು ದಾಟಕೂಡದು ಎಂದರ್ಥ. ದಾಟಿದರೆ ಕಾಡಿನ ದೈವ ಒಳಗಿದ್ದವರನ್ನು ಕರೆದೊಯ್ಯುತ್ತದೆಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು.

ನಮ್ಮ ಬುನೊಂಗ್ ಬುಡಕಟ್ಟಿನ ಹಳ್ಳಿಯಲ್ಲಿ ಮಲೇರಿಯಾ ಪರೀಕ್ಷೆ ಮಾಡುವವಳು ನಾನು. ಆ ಜ್ವರ ಕಾಣೆಯಾದ ಮೇಲೆ ಯಾರೂ ನನ್ನತ್ತ ಸುಳಿಯುತ್ತಿರಲಿಲ್ಲ. ಈ ಮಳೆಗಾಲದಿಂದ ಕೆಮ್ಮು, ಭೇದಿ, ಯಾವ ಜ್ವರವಿದ್ದರೂ ಔಷಧಿ ಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು.

"ನಾನು ಒಳಗೆ ಬರಲ್ಲ ಅಜ್ಜಿ. ಗೋಡೆ ಪಕ್ಕ ಕೂತು ಮಗು ಉಸಿರು ಎಣಿಸ್ತೀನಿ."

"ಗೋಡೆಗೂ ಗುಳಿಗೆ ತಿನ್ನಿಸ್ತೀಯೇನೇ?" ಎಂದು ಮುದುಕಿ ನನ್ನ ಪಕ್ಕದಲ್ಲೇ ಕುಕ್ಕರಿಸಿದಳು.

ಬಿದಿರಿನ ಸಂದಿಗೆ ಕಿವಿಯಿಟ್ಟೆ. ಮಗುವಿನ ಉಸಿರು ಓಡುತ್ತಿತ್ತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ. ಅದರ ಹಿಂದೆ ಇನ್ನೊಂದು ಉಸಿರು, ದೊಡ್ಡದು, ನಡುಗುವಂಥದು.

"ಒಳಗೆ ಇನ್ಯಾರಿದ್ದಾರೆ?"

"ಸೊಸೆ ಬಂದಿದಾಳೆ," ಎಂದಳು ಯೆಂಗ್ ಅಜ್ಜಿ. ಸೊಸೆ ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಾನು ಚೀಲದಿಂದ ರಕ್ತ ಪರೀಕ್ಷೆಯ ಪಟ್ಟಿ ತೆಗೆದೆ.

"ಬೆರಳು ಕೊಡು ಮರೀ," ಎಂದೆ. ಹಿತ್ತಾಳೆ ಬಳೆಯ ಕೈಯೊಂದು ಮಗುವಿನ ಮಣಿಕಟ್ಟು ಹಿಡಿದು ಬೆರಳನ್ನು ಸಂದಿಯಿಂದ ಹೊರಗೆ ತೂರಿಸಿತು. ಹನಿ ರಕ್ತ ತೆಗೆದು ನೋಡಿದೆ, ಮಲೇರಿಯಾ ಇರಲಿಲ್ಲ. ಎದೆಯ ಸೋಂಕಿನ ಹೊಸ ಔಷಧಿಯನ್ನು ಒಳಕ್ಕೆ ದಾಟಿಸಿದೆ.

"ಇನ್ನೊಬ್ಬರೂ ಕೊಡಿ."

ಬಹಳ ಹೊತ್ತಿನ ಮೇಲೆ ಬಂದ ಬೆರಳು ಸುಡುತ್ತಿತ್ತು. ಉಗುರಿನ ತುಂಬ ಮರದ ರಾಳ.

"ನಿಮ್ಮ ಸೊಸೆ ರಾಳ ತೆಗೆಯೋಕೆ ಹೋಗ್ತಾಳಾ ಅಜ್ಜಿ?"

ಮುದುಕಿ ಅಳತೊಡಗಿದಳು. "ಮಗ ತ್ರಿಲ್ ಕಣೇ. ಸರ್ಕಾರ ನಿಷೇಧಿಸಿರೋ ಕಾಡಲ್ಲಿ ಮಲಗಿ ಬಂದ. ಮಲೇರಿಯಾ ಅಂದ್ರೆ ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಬರ್ತಾರೆ, ಹಿಡ್ಕೊಂಡು ಹೋಗ್ತಾರೆ ಅಂತ ಬಚ್ಚಿಟ್ಟೆ."

ಪಟ್ಟಿಯ ಮೇಲೆ ಎಷ್ಟೋ ಕಾಲದಿಂದ ನಾನು ಕಾಣದಿದ್ದ ಮಲೇರಿಯಾದ ಗೆರೆ ಮೂಡಿತು.

"ಬರೋರು ಆಸ್ಪತ್ರೆಯವರು, ಸೊಳ್ಳೆ ಎಲ್ಲಿ ಕಚ್ಚಿತು ಅಂತ ಕೇಳ್ತಾರೆ, ಕಾಡಲ್ಲಿ ಏನು ಕಡಿದೆ ಅಂತಲ್ಲ. ಮುಚ್ಚಿಟ್ರೆ ಈ ಗೆರೆ ಪಕ್ಕದ ಮನೆಗೂ ಹೋಗುತ್ತೆ," ಎಂದೆ. ನಾನು ಕೊಟ್ಟ ಮಾತ್ರೆಗಳನ್ನು ಮುದುಕಿ ತಾನೇ ಸಂದಿಯೊಳಗೆ ತೂರಿಸಿದಳು.

ಎಲೆ ಒಣಗಿತು. ಮತ್ತೆ ಹೋದಾಗ ತ್ರಿಲ್ ಹೊಸಿಲಲ್ಲಿ ಕೂತು ಮಗುವಿಗೆ ಸುಟ್ಟ ಗೆಣಸು ಮುರಿದುಕೊಡುತ್ತಿದ್ದ. ಅವನ ಕೈಗಳು ಬರಿದಾಗಿದ್ದವು.

"ಬಳೆ ಎಲ್ಲಿ ಅಣ್ಣಾ? ಅವತ್ತು ಮಗು ಕೈ ಹಿಡಿದಾಗ ಹಾಕಿದ್ದೆಯಲ್ಲ."

"ನಾನಾ? ಬೆರಳು ಚಾಚೋಕೇ ಜೀವ ಹೋಗಿತ್ತು ನಂಗೆ. ಮಗು ಆಚೆ ಮೂಲೇಲಿತ್ತು. ಹಿತ್ತಾಳೆ ಬಳೆ ಹಾಕ್ತಿದ್ದೋಳು ಇದರಮ್ಮ."

ಮಗು ಗೆಣಸು ಅಗಿಯುತ್ತ ಒಳಗಿನ ಕತ್ತಲೆಯನ್ನು ನೋಡಿ ನಕ್ಕಿತು.