ಅವಳಿಗೆ ಸಿಕ್ಕಿದ್ದು ನನಗೂ ಬೇಕು

ಮಾಪ್ಸಾ ಊರಿನ ಮೀನುಪೇಟೆಯಲ್ಲಿ ಸೆವ್ರೀನಳದೂ ಕ್ಲೆಮೆಂಟಿನಳದೂ ಅಕ್ಕಪಕ್ಕದ ಜಾಗ. ಕ್ಲೆಮೆಂಟಿನ ಕೂಗಿ, ನಕ್ಕು, ಚೌಕಾಸಿ ಮಾಡುವವರನ್ನು ಬೈದು, ಹತ್ತು ಗಂಟೆಯೊಳಗೆ ಬುಟ್ಟಿ ಖಾಲಿ ಮಾಡುತ್ತಿದ್ದಳು. ಸೆವ್ರೀನಳ ಬಂಗುಡೆಯ ಮೇಲೆ ಬರೀ ನೊಣ. ಎರಡು ತಿಂಗಳಿಂದ ಅವಳಿಗೆ ನಿದ್ದೆಯಿಲ್ಲ, ಅನ್ನ ಸೇರದು, ಕಾರಣವಿಲ್ಲದೆ ಎದೆ ಡವಡವ. ಪಕ್ಕದವಳ ನಗು ಕೇಳಿದರೆ ಹೊಟ್ಟೆಯಲ್ಲಿ ಕೆಂಡ. ಕೊನೆಗೆ ಪೇಟೆಗೆ ಹೋಗುವುದನ್ನೇ ಬಿಟ್ಟಳು. ಹದಿನೈದು ದಿನ ಜಾಗ ಖಾಲಿ ಬಿದ್ದರೆ ಬೇರೆಯವರು ಬಂದು ಕೂರುವುದು ಅಲ್ಲಿನ ರೂಢಿ. ಅದು ಅವಳ ತಾಯಿ ಕೂತ ಜಾಗ.

ಗಂಡ ಬಸ್ತ್ಯಾಂವ್ ಎರಡು ಭಾನುವಾರ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಘಾಟು ಬರಲಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ಗ್ಯಾರಂಟಿ. ಯಾರ ಕಣ್ಣೆಂದು ಸೆವ್ರೀನಳಿಗೆ ಬೇರೆ ಹೇಳಬೇಕೆ?

ಪೇಟೆ ಬಿಟ್ಟ ಹನ್ನೆರಡನೆಯ ದಿನ ಕ್ಲೆಮೆಂಟಿನಳೇ ಗಂಜಿಯ ಪಾತ್ರೆ ಹಿಡಿದು ಬಂದಳು.

"ಸತ್ತಿದ್ದೀನಾ ಇಲ್ವಾ ನೋಡೋಕೆ ಬಂದ್ಯಾ? ನಿನ್ನ ಹಾಳು ಕಣ್ಣೇ ನನ್ನ ತಿಂದಿದ್ದು!" ಎಂದು ಸೆವ್ರೀನ ಕಿರುಚಿದಳು.

"ನನ್ನ ಕಣ್ಣಾ? ಅಯ್ಯೋ ಮಾರಾಯ್ತಿ, ಮೂರು ವರ್ಷದ ಹಿಂದೆ ನಿನ್ನ ಕಣ್ಣು ಅಂತ ನಾನು ಹದಿನಾಲ್ಕು ಸಲ ಮೆಣಸಿನಕಾಯಿ ಸುಡ್ಸಿದ್ದೆ! ಆವಾಗ ನಗ್ತಾ ಇದ್ದೋಳು ನೀನು."

ಕ್ಲೆಮೆಂಟಿನ ಗಂಜಿಯ ಪಾತ್ರೆ ಕೆಳಗಿಟ್ಟು ಪಕ್ಕದಲ್ಲೇ ಕೂತಳು.

"ನಿದ್ದೆ ಇಲ್ಲ, ಊಟ ಬೇಡ, ಬದುಕೋದೇ ಬೇಡ ಅನ್ನಿಸ್ತಿತ್ತು. ನಿನಗೂ ಹಾಗೇನಾ?"

"ಹೂಂ," ಎನ್ನುವಷ್ಟರಲ್ಲಿ ಸೆವ್ರೀನಳಿಗೆ ಅಳು ಬಂತು.

"ಇದು ದೃಷ್ಟಿ ಅಲ್ಲ ಕಣೇ, ಕಾಯಿಲೆ. ಖಿನ್ನತೆ ಅಂತಾರೆ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಗುಳಿಗೆ ಕೊಟ್ರು. ಅಲ್ಲೇ ಕೌನ್ಸೆಲರ್ ಅಮ್ಮ ಒಬ್ರು ವಾರ ವಾರ ಕೂರಿಸ್ಕೊಂಡು ಮಾತಾಡಿಸಿದ್ರು. ಗುಣ ಕಾಣೋಕೆ ಒಂದು ತಿಂಗಳು ಹಿಡೀತು. ಡಾಕ್ಟರನ್ನ ಕೇಳದೆ ಗುಳಿಗೆ ಮಧ್ಯೆ ಬಿಡಬಾರ್ದು, ಅಷ್ಟೇ."

ಒಳಗಿಂದ ಬಸ್ತ್ಯಾಂವ್ ಗದರಿದ: "ಹುಚ್ಚರ ಡಾಕ್ಟರ ಹತ್ರ ಹೋದ್ರೆ ಊರೋರು ಏನಂತಾರೆ?"

"ಊರೋರು ದಿನಾ ನನ್ನ ಹತ್ರ ಮೀನು ತಗೊಳ್ತಾರಲ್ಲ, ಯಾರಾದ್ರೂ ಹುಚ್ಚಿ ಅಂದ್ರಾ? ಜ್ವರ ಬಂದ್ರೆ ಕರ್ಕೊಂಡು ಹೋಗಲ್ವಾ ನೀನು?" ಎಂದ ಕ್ಲೆಮೆಂಟಿನ, ಸೆವ್ರೀನಳ ಕಡೆ ತಿರುಗಿದಳು. "ಜಾಗದ ಚಿಂತೆ ಬಿಡು. ದಿನಾ ನನ್ನ ಬಂಗುಡೆ ಒಂದಿಷ್ಟು ಹಾಕಿ ಅಲ್ಲಿ ನಿನ್ನ ಬುಟ್ಟಿ ಇಡ್ತಿದ್ದೀನಿ."

ಸೆವ್ರೀನಳಿಗೆ ನಾಚಿಕೆಯಾಯಿತು. ಆದರೆ ಹೊಟ್ಟೆ ಉರಿದದ್ದೇ ಹೆಚ್ಚು. ಈ ಕಳ್ಳಿ ಯಾರಿಗೂ ಹೇಳದೆ ಗುಣವಾಗಿ ಕೂತಿದ್ದಾಳೆ! ಅವಳಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಬಾರದು? ಎದ್ದು ಚಪ್ಪಲಿ ಹುಡುಕಿದಳು. ಬಸ್ತ್ಯಾಂವ್ ಗಡ್ಡ ಕೆರೆದುಕೊಂಡು, ಮಾತಿಲ್ಲದೆ ಸ್ಕೂಟರ್ ತೆಗೆದ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಸೆವ್ರೀನ ತಾಯಿಯ ಜಾಗದಲ್ಲಿ ಕೂತು ಪೇಟೆಯೆಲ್ಲ ಕೇಳುವಂತೆ ಕೂಗುತ್ತಿದ್ದಳು. ಗುಳಿಗೆ ಇನ್ನೂ ನಡೆಯುತ್ತಿದೆ. ಕ್ಲೆಮೆಂಟಿನಳ ಬುಟ್ಟಿಯ ದಪ್ಪ ಮಾಂಜಿ ಮೀನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮಾತ್ರ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಇಲ್ಲವಂತೆ!

ಅಕ್ಕಾ, ಅಣ್ಣಾ, ಎರಡು ವಾರದಿಂದ ನಿದ್ದೆ, ಊಟ, ಉತ್ಸಾಹ ಹೋಗಿದ್ದರೆ ಮೆಣಸಿನಕಾಯಿ ಸಾರಿಗೆ ಇಟ್ಟುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ನಾಳೆಯವರೆಗೆ ಕಾಯಬೇಡಿ, ಈಗಲೇ ಮಾಡಿ. ಪಕ್ಕದಲ್ಲಿ ನಗುತ್ತ ಕೂತಿದ್ದಾರಲ್ಲ, ಅವರನ್ನೂ ಒಂದು ಮಾತು ಕೇಳಿ ನೋಡಿ.