ಬೂಟಿನಂಗಡಿಯ ಕೆಲಸ ಬಿಟ್ಟ ದಿನ

ಮಡಿಕೇರಿ ಪೇಟೆಯ ಬೂಟಿನಂಗಡಿಯಲ್ಲಿ ಸಾಂತಪ್ಪ ಆರು ವರ್ಷದಿಂದ ಕೆಲಸಕ್ಕಿದ್ದ. ಬಿಳಿ ಕೋಟು ತೊಟ್ಟು ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರುವುದು, ಬೂಟು ತೊಡಿಸುವುದು, ಲಾಡಿ ಕಟ್ಟುವುದು, ಮತ್ತೆ ಬಿಚ್ಚುವುದು. ತೋಟದ ದೊರೆಗಳು, ಕಮಿಷನರ ಕಚೇರಿಯ ಗುಮಾಸ್ತರು, ಪೊಲೀಸಿನವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಕೆಲಸ ಅಂಥ ಕಷ್ಟದ್ದಲ್ಲ. ಆದರೆ ಸಾಹುಕಾರರದೊಂದು ಕಟ್ಟಪ್ಪಣೆ ಇತ್ತು. ಗಿರಾಕಿ ಏನೇ ಅಂದರೂ ನಗುತ್ತಿರಬೇಕು. ಯಾರಾದರೂ ಬರಿಗೈಯಲ್ಲಿ ಹೊರಟರೆ ಅದು ಸಾಂತಪ್ಪನ ತಪ್ಪು. ಅವರನ್ನು ಬಾಗಿಲವರೆಗೆ ಹೋಗಿ ಕೈಮುಗಿದು ಕಳಿಸಿ, ಒಳಗೆ ಬಂದು ಉಳಿದವರ ಎದುರೇ ಬೈಸಿಕೊಳ್ಳಬೇಕು. ಸಂಜೆಯಾಗುವಷ್ಟರಲ್ಲಿ ನಕ್ಕು ನಕ್ಕು ಮಂಡಿಗಿಂತ ಹೆಚ್ಚಾಗಿ ಅವನ ಕೆನ್ನೆ ನೋಯುತ್ತಿತ್ತು.

ಬಿಟ್ಟುಬಿಡೋಣವೆಂದರೆ ಅಣ್ಣನ ಮುಲಾಜು. ಅಪ್ಪ ತೀರಿಕೊಂಡ ವರ್ಷ ಅಣ್ಣ ಪೂವಯ್ಯನೇ ತಮ್ಮೂರು ಸಂಪಾಜೆಯಿಂದ ಬಂದು, ಸಾಹುಕಾರರನ್ನು ಕೇಳಿಕೊಂಡು ಇವನನ್ನು ಸೇರಿಸಿದ್ದ. ತಮ್ಮ ಮಡಿಕೇರಿಯಲ್ಲಿ ಕೋಟು ಹಾಕಿಕೊಂಡು ಕೆಲಸ ಮಾಡುತ್ತಾನೆಂದು ಊರಿಡೀ ಹೇಳಿಕೊಂಡಿದ್ದ. ಹಬ್ಬಕ್ಕೆ ಹೋದಾಗಲೆಲ್ಲ ಸಾಂತಪ್ಪ ವಿಷಯ ತೆಗೆಯಲು ನೋಡುವನು; ಅಣ್ಣನ ಮುಖ ಕಂಡು ಸುಮ್ಮನಾಗುವನು.

ಅವತ್ತು ಶುಕ್ರವಾರ, ಸಂತೆಯ ದಿನ. ಸುಂಟಿಕೊಪ್ಪದ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು ಬಂದು ಕುರ್ಚಿಯಲ್ಲಿ ಕೂತು, ಕೆಸರಾದ ಕಾಲನ್ನು ಸಾಂತಪ್ಪನ ತೊಡೆಯ ಮೇಲೇ ಇಟ್ಟರು.

"ಏಯ್, ಮೆಲ್ಲ ಎಳೆಯೋ! ಕಾಲು ಅಂದ್ಕೊಂಡ್ಯಾ, ಕೊರಡು ಅಂದ್ಕೊಂಡ್ಯಾ?"

"ತಪ್ಪಾಯ್ತು ಸ್ವಾಮಿ," ಎಂದು ಸಾಂತಪ್ಪ ನಕ್ಕ.

ಒಂದು ಬಿಗಿ, ಇನ್ನೊಂದು ಸಡಿಲ, ಮತ್ತೊಂದರ ಬಣ್ಣ ಸರಿಯಿಲ್ಲ. ಏಳು ಜೊತೆ ತೊಡಿಸಿದ್ದಾಯಿತು. ಕೊನೆಗೆ ರೈಟರು ತಮ್ಮ ಹಳೇ ಬೂಟನ್ನೇ ಅವನ ಕೈಯಲ್ಲಿ ಕಟ್ಟಿಸಿಕೊಂಡು, "ಮುಂದಿನ ತಿಂಗಳು ನೋಡುವ" ಎಂದು ಎದ್ದರು. ಸಾಂತಪ್ಪ ಬಾಗಿಲಲ್ಲಿ ನಿಂತು ಕೈಮುಗಿದ. ತಲೆಯೆತ್ತಿದರೆ ಎದುರಿಗೆ ಪೂವಯ್ಯ! ಜಮೀನಿನ ಕಾಗದದ ಕೆಲಸಕ್ಕೆಂದು ಕಚೇರಿಗೆ ಬಂದವನು, ತಮ್ಮನನ್ನು ನೋಡಿ ಹೋಗೋಣವೆಂದು ಬಂದು, ಕಂಕುಳಲ್ಲಿ ಕೊಡೆ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಒಳಗಿನಿಂದ ಸಾಹುಕಾರರ ದನಿ ಬಂತು. "ನಿನ್ನ ಮೋರೆ ನೋಡಿಯೇ ಜನ ಓಡ್ತಾರೆ! ನಗೋದು ಅಂದ್ರೆ ಹಲ್ಲು ಕಿರಿಯೋದಲ್ಲ. ನಿಮ್ಮಣ್ಣ ಕಾಲಿಗೆ ಬಿದ್ದ ಅಂತ ಇಟ್ಕೊಂಡಿದ್ದೀನಿ, ಇಲ್ಲಾಂದ್ರೆ..."

ಪೂವಯ್ಯ ಒಳಗೆ ಬಂದ. "ಕಾಲಿಗೆ ಬಿದ್ದಿರಲಿಲ್ಲ ಸಾವ್ಕಾರ್ರೆ. ಕೈ ಮುಗಿದಿದ್ದೆ."

ಸಾಹುಕಾರರು ತಡವರಿಸಿ, ಕೂರಿ ಕೂರಿ ಎಂದು ಕುರ್ಚಿ ತೋರಿಸಿದರು. ಪೂವಯ್ಯ ಕೂರಲಿಲ್ಲ. ತಮ್ಮನ ಕಡೆ ತಿರುಗಿದ.

"ದಿನಾ ಹೀಂಗೇನಾ?"

ಸಾಂತಪ್ಪ ಹೌದೆಂದು ತಲೆ ಆಡಿಸಿದ.

"ನಂಗೆ ಯಾಕೆ ಹೇಳಿಲ್ಲೆ?"

"ನೀ ಊರಿಡೀ ಹೇಳ್ಕೊಂಡಿದ್ದೆ ಅಣ್ಣ. ಹೇಂಗೆ ಹೇಳುದು?"

ಪೂವಯ್ಯ ಬಗ್ಗಿ ತಮ್ಮನ ತೊಡೆಯ ಮೇಲಿನ ಕೆಸರನ್ನು ಕೈಯಿಂದ ಒರೆಸಿದ. ಆಮೇಲೆ, "ಕೋಟು ಬಿಚ್ಚು," ಎಂದ.

"ಅರೆ, ಸಂತೆ ದಿನ! ಈಗ ಜನ ಬರೋ ಹೊತ್ತು," ಎಂದು ಸಾಹುಕಾರರು ಎದ್ದು ನಿಂತರು.

"ಬಂದವ್ರಿಗೆ ನೀವೇ ನಕ್ಕೊಂಡು ತೊಡಿಸಿ," ಎಂದ ಪೂವಯ್ಯ.

ಸಾಂತಪ್ಪ ಅವಸರದಲ್ಲಿ ಕೋಟಿನ ಗುಂಡಿಗಳಿಗೆ ಕೈ ಹಾಕಿದ. ಒಂದು ಗುಂಡಿ ಕಿತ್ತು ಬಿತ್ತು. ಕೋಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಸಾಹುಕಾರರಿಗೆ ಬರುತ್ತೇನೆಂದು ಹೇಳಿ, ಅಣ್ಣನ ಹಿಂದೆ ಬೀದಿಗಿಳಿದ. ಯಾರೂ ಹಿಂದಕ್ಕೆ ಕರೆಯಲಿಲ್ಲ.

ಸಂಪಾಜೆಯ ಬಸ್ಸು ಘಟ್ಟ ಇಳಿಯತೊಡಗಿದ ಮೇಲೆ ಪೂವಯ್ಯ ಬಾಯಿ ಬಿಟ್ಟ. "ನಿನ್ನ ಕರ್ಕೊಂಡು ಬಾಂತ ಅವ್ವ ಎರಡು ವರ್ಷಂದ ಹೇಳ್ತಾ ಉಟ್ಟು. ನಮ್ಮ ಏಲಕ್ಕಿ ಕಾಡಿನ ಕೆಲಸಕ್ಕೆ ನಾನೊಬ್ಬ ಸಾಲುದಿಲ್ಲೆ. ಪೇಟೆಲಿ ಖುಷಿಲಿ ಇದ್ದಿಯಾಂತ ನಾನೇ ಸುಮ್ನಿದ್ದೆ."

ಸಾಂತಪ್ಪ ಅಣ್ಣನನ್ನೇ ನೋಡಿದ. "ಎರಡು ವರ್ಷಂದಲಾ?"

"ಹೌದು ಮಾರಾಯ."

ಇಬ್ಬರೂ ಇನ್ನೊಬ್ಬರಿಗೆ ಬೇಜಾರಾದೀತೆಂದು ಹೇಳದೆ ಕೂತಿದ್ದರಲ್ಲ ಎನಿಸಿ ಸಾಂತಪ್ಪನಿಗೆ ನಗು ಉಕ್ಕಿತು. ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಲಿಲ್ಲ. ಪೂವಯ್ಯನೂ ಕೊಡೆಯ ಹಿಡಿಗೆ ಹಣೆ ಒತ್ತಿ ನಗತೊಡಗಿದ.

ಮರುದಿನ ಕೋಳಿ ಕೂಗುವಾಗ ಸಾಂತಪ್ಪ ಗಾಬರಿಯಿಂದ ಎದ್ದು ಕೂತು, ಕೋಟಿಗಾಗಿ ಕತ್ತಲಲ್ಲಿ ಗೋಡೆ ತಡವಿದ. ಒಲೆಯ ಹತ್ತಿರ ಅವ್ವ ಕೆಮ್ಮಿದ್ದು ಕೇಳಿತು. ತಾನೆಲ್ಲಿದ್ದೇನೆಂದು ಆಗ ತಿಳಿಯಿತು. ಕಂಬಳಿ ಎಳೆದುಕೊಂಡು ಮತ್ತೆ ಮಲಗಿದ. ಅಂಗಳಕ್ಕೆ ಬಿಸಿಲು ಬಂದರೂ ಅವನನ್ನು ಎಬ್ಬಿಸಲು ಅವ್ವ ಯಾರನ್ನೂ ಬಿಡಲಿಲ್ಲ.