ಪರವಾಗಿಲ್ಲ

ಈ ಕಥೆಯನ್ನು ನೆಲಮಹಡಿಯಿಂದ ಶುರುಮಾಡಬೇಕೋ ಐದನೇ ಮಹಡಿಯಿಂದಲೋ ತೀರ್ಮಾನವಾಗದೆ ಮೂರು ದಿನದಿಂದ ಮೂರಕ್ಕೂ ನಾಲ್ಕಕ್ಕೂ ನಡುವೆ ಸಿಕ್ಕಿಕೊಂಡಿದ್ದೇನೆ. ಈ ಕಥೆಯ ಲಿಫ್ಟಿನ ಸದ್ದು ಬರುವುದೂ ಅಲ್ಲೇ. ಇರಲಿ, ಅಲ್ಲಿಂದಲೇ ಹಿಡಿಯೋಣ.

೧

ಹಳೆಯ ಕಟ್ಟಡ, ಅದಕ್ಕಿಂತ ಹಳೆಯ ಲಿಫ್ಟು. ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ, ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಹತ್ತೊಂಬತ್ತು ವರ್ಷದಿಂದ ಕೂತು ಲಿಫ್ಟು ನಡೆಸುವ ಹೆಂಗಸನ್ನು ಎಲ್ಲರೂ ಸ್ಟೂಲಮ್ಮ ಎನ್ನುತ್ತಾರೆ. ಹಿಡಿಕೆ ತಿರುಗಿಸಿ ಮೇಲೇರುವಾಗ ಒಂದೊಂದು ಮಹಡಿಯ ಬೆಳಕೂ ಜಾಲರಿಯಲ್ಲಿ ತೂರಿ ಅವಳ ಮಡಿಲಿಗೆ ಬಿದ್ದು, ಪಟ್ಟೆಪಟ್ಟೆಯಾಗಿ ಪಾದಕ್ಕಿಳಿದು ಹೋಗುತ್ತದೆ. ಒಂದನೆಯದರಲ್ಲಿ ಅಚ್ಚಿನ ಶಾಯಿಯ ವಾಸನೆ. ಎರಡರಲ್ಲಿ ಹಲ್ಲಿನ ಡಾಕ್ಟರದು. ಐದರಲ್ಲಿ ಇಸ್ತ್ರಿಯ ಬಿಸಿ ಬಟ್ಟೆ. ಕಣ್ಣು ಮುಚ್ಚಿದರೂ ಎಲ್ಲಿದ್ದೇನೆಂದು ಅವಳಿಗೆ ಗೊತ್ತು. ಕೆಲವು ಮಧ್ಯಾಹ್ನದ ಜೋಂಪಿನಲ್ಲಿ ಲಿಫ್ಟು ಕೊನೆಯ ಮಹಡಿಯಾದ ಐದನ್ನು ದಾಟಿ, ಇಲ್ಲದ ಆರು, ಏಳು, ಎಂಟು ಎಂದು ಏರುತ್ತಲೇ ಇದ್ದು, ಜಾಲರಿಯಾಚೆ ಬರೀ ಬಿಳುಪು ಕಾಣಿಸಿ, ಬೆಚ್ಚಿ ಹಿಡಿಕೆ ಬಿಗಿಯುತ್ತಾಳೆ.

ಎರಡು ವರ್ಷದಿಂದ, ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ, ಈ ಲಿಫ್ಟು ಒಂದು ನಿಟ್ಟುಸಿರು ಬಿಡುತ್ತಿದೆ.

(ಯಂತ್ರದ ನಿಟ್ಟುಸಿರು ಸವಕಲು ಹೋಲಿಕೆ, ಬಲ್ಲೆ. ಆದರೆ ಇದು ನನ್ನದಲ್ಲ. “ಸದ್ದು ಅಂತ ಬರೀಲಾ?” ಎಂದು ಸ್ಟೂಲಮ್ಮನನ್ನು ಕೇಳಿದ್ದೆ. “ಸದ್ದು ಮೋಟಾರಿಂದು. ಇದು ಉಸಿರು” ಎಂದಳು.)

೨

ಆರು ತಿಂಗಳಿಗೊಮ್ಮೆ ತಪಾಸಣೆಗೆ ಇನ್ಸ್‌ಪೆಕ್ಟರು ಬರುತ್ತಾರೆ. ಕೆಟ್ಟವರಲ್ಲ. (ಕೆಟ್ಟವರಾಗಿದ್ದರೆ ನನಗೆ ಬರೆಯುವುದು ಸಲೀಸಾಗುತ್ತಿತ್ತು.) ಹಗ್ಗಕ್ಕೆ ಮೀಟರು ಹಿಡಿದು ನೋಡುತ್ತಾರೆ, ಮೋಟಾರಿನ ಮೇಲೆ ಕೈಯಿಟ್ಟು ನೋಡುತ್ತಾರೆ. ಅವಳು ಉಸಿರಿನ ಮಾತೆತ್ತಿದಾಗೆಲ್ಲ, “ಮೀಟರು ಸುಳ್ಳು ಹೇಳಲ್ಲಮ್ಮ” ಎನ್ನುತ್ತಾರೆ. ಹೀಗೆ ಮೂರು ಸಲವಾಯಿತು.

ಈ ಸಲ ಹೊಸ ಫಾರಂ ಬಂದಿತ್ತು. ಕೊನೆಯಲ್ಲಿ ಒಂದು ಹೊಸ ಸಾಲು: ಲಿಫ್ಟು ನಡೆಸುವವರ ಅಭಿಪ್ರಾಯ.

“ನಿಮ್ಮ ಅಭಿಪ್ರಾಯ ಹೇಳಿ, ಅಮ್ಮ.”

ಅಭಿಪ್ರಾಯ! ಇಷ್ಟು ವರ್ಷದಲ್ಲಿ ಆ ಪದ ಅವಳತ್ತ ಮುಖ ಮಾಡಿದ್ದು ಇದೇ ಮೊದಲು. ಮೂರು ಸಲ ತಾನಾಗಿಯೇ ಹೇಳಿದ್ದನ್ನು ನಾಲ್ಕನೆಯ ಸಲ, ಅವರೇ ಕೇಳಿದಾಗ, ಹೇಳಲಾಗಲಿಲ್ಲ.

“ನಂದೇನು ಸರ್... ಪರವಾಗಿಲ್ಲ, ಬಿಡಿ.”

ಇನ್ಸ್‌ಪೆಕ್ಟರು ಪ್ರಾಮಾಣಿಕರು. ಹೇಳಿದ್ದನ್ನೇ ಬರೆದುಕೊಂಡರು. ನಿಯಮದಂತೆ ಒಂದು ಪ್ರತಿಯನ್ನು ಲಿಫ್ಟಿನೊಳಗೇ ಅಂಟಿಸಿ ಹೋದರು.

ಯಂತ್ರದ ಸ್ಥಿತಿ: ಉತ್ತಮ. ಲಿಫ್ಟು ನಡೆಸುವವರ ಅಭಿಪ್ರಾಯ: ಪರವಾಗಿಲ್ಲ.

೩

“ನಿನ್ನ ಮಾತು ಗೋಡೆ ಏರಿದೆಯಲ್ಲೇ!” ಎಂದಳು ಅಕ್ಕ, ಮರುದಿನ ಬೆಳಿಗ್ಗೆ. ಸ್ಟೂಲಮ್ಮನ ಒಡಹುಟ್ಟಿದ ಅಕ್ಕ. ಐದನೇ ಮಹಡಿಯ ಹೊಲಿಗೆ ಕೋಣೆಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುತ್ತಾಳೆ. ಅವಳ ಮಂಡಿ ಮೆಟ್ಟಿಲನ್ನು ಮರೆತು ಬಹಳ ಕಾಲವಾಗಿದೆ.

“ನಾನು ಹೇಳಿದ್ದು ಅದಲ್ಲ, ಅಕ್ಕ. ನನ್ನ ವಿಷಯ ಬಿಡಿ, ಪರವಾಗಿಲ್ಲ ಅಂದೆ. ಅವರು ಲಿಫ್ಟು ಪರವಾಗಿಲ್ಲ ಅಂತ ತಿಳ್ಕೊಂಡ್ರು.”

“ತಿಳ್ಕೊಳ್ಳಲಿ. ಸರಿಮಾಡ್ತೀನಿ ಅಂತ ಹೋಗ್ಬೇಡ ಮತ್ತೆ. ರಿಪೇರಿ ಅಂತ ಬೀಗ ಹಾಕಿದ್ರೆ ತೆಗೆಯೋದು ಯಾವ ಕಾಲಕ್ಕೋ. ಕಾಜಾ ಮಷೀನು ನನ್ನ ಹುಡುಕ್ಕೊಂಡು ಕೆಳಗಿಳಿದು ಬರುತ್ತಾ?”

“ಒಂದಿನ ಉಸಿರು ನಿಂತ್ರೆ?”

“ನನ್ನ ಮಂಡಿನೂ ಎರಡು ವರ್ಷದಿಂದ ಕಟಕಟ ಅಂತಿದೆ. ಕಳಚಿ ಬಿತ್ತಾ?”

(ಹೀಗೆ ಮೂರು ಅಭಿಪ್ರಾಯಗಳಾದವು. ಒಂದು ಮೀಟರಿನದು, ಒಂದು ಕಿವಿಯದು, ಒಂದು ಮಂಡಿಯದು. ಲಿಫ್ಟಿನಲ್ಲಿ ಎಷ್ಟು ಜನ, ಎಷ್ಟು ಕಿಲೋ ಎಂದು ಬರೆದಿರುತ್ತದೆ. ಯಾರ ಅಭಿಪ್ರಾಯ ಎಷ್ಟು ಕಿಲೋ ಎಂದು ಎಲ್ಲೂ ಬರೆದಿರುವುದಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.)

೪

ಮೊದಲ ಕರಡು: ನಿಟ್ಟುಸಿರು ಎಂದರೆ ಸಡಿಲಾದ ಒಂದು ತಗಡು ಅಷ್ಟೇ. ಸ್ಟೂಲಮ್ಮ ನಾಚುತ್ತಾಳೆ. ಓದಿದರೆ ನಾನು ಇನ್ಸ್‌ಪೆಕ್ಟರ ಭಾವಮೈದುನನಂತೆ ಕೇಳಿಸಿದೆ. ಬಿಸಾಕಿದೆ.

ಎರಡನೆಯ ಕರಡು: ಒಂದು ಮಧ್ಯಾಹ್ನ ಹಗ್ಗ ಹರಿಯುತ್ತದೆ. ಪುಣ್ಯಕ್ಕೆ ಒಳಗೆ ಯಾರೂ ಇಲ್ಲ. ಇನ್ಸ್‌ಪೆಕ್ಟರು ಕೈಮುಗಿಯುತ್ತಾರೆ. ಬರೆದು ನನಗೇ ಕಣ್ಣು ತುಂಬಿತು. ಓಡಿಹೋಗಿ ಅವಳಿಗೆ ಓದಿ ಹೇಳಿದೆ.

“ಹರಿದುಹಾಕಿ” ಎಂದಳು.

“ಯಾಕಮ್ಮ? ನೀವೇ ಗೆದ್ದಿದ್ದೀರಲ್ಲ!”

“ಹಗ್ಗ ಹರಿದ ಮೇಲೆ ಗೆದ್ದೆ. ನಿಜ ಆದ್ರೆ ಮಾತ್ರ ನನ್ನ ಮಾತು ಮಾತಾ? ಅವರು ತಪ್ಪಿದ್ರೂ ನಾಳೆ ಇನ್ಸ್‌ಪೆಕ್ಟರೇ. ನಾನು ತಪ್ಪಿದ್ರೆ, ಸ್ಟೂಲಮ್ಮಂಗೆ ಅರಳುಮರಳು.”

“ಹಾಗಾದ್ರೆ ನೀವೂ ತಪ್ಪಿರಬಹುದು ಅಂತೀರಾ?”

“ಇರಬಹುದಪ್ಪ. ಅವರು ಓದಿದೋರು, ಹಗ್ಗದ ವಿಷಯ ನನಗಿಂತ ಅವರಿಗೇ ಗೊತ್ತು. ಹಲ್ಲು ಕೀಳಿಸೋಕೆ ನಾನು ಎರಡನೇ ಮಹಡಿಗೇ ಹೋಗ್ತೀನಿ, ಕಾಜಾ ಹಾಕೋರ ಹತ್ರ ಅಲ್ಲ. ಆದ್ರೆ ಹಲ್ಲಿನ ಡಾಕ್ಟರೂ ಮೊದಲು ಎಲ್ಲಿ ನೋಯ್ತಿದೆ ಅಂತ ಕೇಳ್ತಾರಲ್ವಾ? ಕೇಳಿ, ನೀನು ಹೇಳೋ ಜಾಗ ನನ್ನ ಪುಸ್ತಕದಲ್ಲಿಲ್ಲ, ಹೋಗು ಅಂತಾರಾ?”

(ಈ ಮಾತನ್ನು ನಿರೂಪಕನ ಬಾಯಿಗೆ ದಾಟಿಸಿಕೊಳ್ಳುವ ಆಸೆಯಾಯಿತು. ಅವಳು ನೋಡಿದ ನೋಟಕ್ಕೆ ಕೈಬಿಟ್ಟೆ.)

೫

“ನಿಮ್ಮ ಪೆನ್ನು ಕೊಡಿ.”

ನಾವು ಐದರಲ್ಲಿ ನಿಂತಿದ್ದೆವು. ಇಸ್ತ್ರಿಯ ಹಬೆಯಲ್ಲಿ ಬೆಳಕು ಮೆಲ್ಲಗೆ ತೂಗುತ್ತಿತ್ತು. ಸ್ಟೂಲಮ್ಮ ಆ ಕಾಗದದ ಮುಂದೆ ನಿಂತು, ತನ್ನದೇ ಪದವನ್ನು ಬೇರೆ ಯಾರೋ ಬಿಟ್ಟುಹೋದ ಕೊಡೆಯಂತೆ ನೋಡುತ್ತಿದ್ದಳು.

“ಹೊಡೆದುಹಾಕ್ತೀರಾ?”

“ಅವರು ಬರೆದಿದ್ದನ್ನ ಹೊಡೆದುಹಾಕೋಕೆ ನಾನ್ಯಾರು?”

ಆ ಪದದ ಎಡಕ್ಕೆ ಒಂದಿಷ್ಟು ಖಾಲಿ ಜಾಗವಿತ್ತು. ಒತ್ತಿ ಒತ್ತಿ, ಮಕ್ಕಳಂತೆ ಬರೆದಳು. ಎರಡೇ ಪದ. ಇನ್ಸ್‌ಪೆಕ್ಟರ ಒಂದಕ್ಷರವನ್ನೂ ಮುಟ್ಟಲಿಲ್ಲ. ಈಗ ಸಾಲು ಹೀಗಿತ್ತು:

ಲಿಫ್ಟು ನಡೆಸುವವರ ಅಭಿಪ್ರಾಯ: ನಾನು ಇದರ ಪರವಾಗಿಲ್ಲ.

ಇಲ್ಲಿ ಮುಗಿಸಬಹುದು. ಬೇಕಾದರೆ, (ಅ) ನಾಳೆ ಕಟ್ಟಡದವರು ಓದಿ ಬೀಗ ಹಾಕುತ್ತಾರೆ, ಅಕ್ಕ ಕೆಳಗೇ ಉಳಿಯುತ್ತಾಳೆ. ಅಥವಾ, (ಆ) ಯಾರೂ ಓದುವುದಿಲ್ಲ, ಲಿಫ್ಟಿನಲ್ಲಿ ಎಲ್ಲರೂ ತಮ್ಮ ಪಾದ ನೋಡಿಕೊಂಡೇ ನಿಲ್ಲುವುದರಿಂದ. ಅಥವಾ, (ಇ)...

ಕೆಳಗಿನಿಂದ ಗಂಟೆ ಹೊಡೆಯಿತು. ಒಂದು ಉದ್ದ, ಎರಡು ಗಿಡ್ಡ. ಅಕ್ಕ.

“ಅವಳಿಗೇನು ಹೇಳ್ತೀರಿ?”

“ಓದು ಅಂತೀನಿ. ನನಗನ್ನಿಸಿದ್ದು ಬರೆದಿದೆ. ಹತ್ತೋದೋ ಬಿಡೋದೋ, ಅವಳು ಹೇಳಲಿ.” ಹಿಡಿಕೆಗೆ ಕೈಯಿಟ್ಟು ನನ್ನತ್ತ ತಿರುಗಿದಳು. “ನೀವು? ಇಳಿಯೋದಾದ್ರೆ ಮೆಟ್ಟಿಲು ಆ ಕಡೆ.”

ನಾನು ನಿಂತೇ ಇದ್ದೆ. ಜಾಲರಿ ಮುಚ್ಚಿತು. ಬೆಳಕಿನ ಪಟ್ಟೆಗಳು ಈಗ ಪಾದದಿಂದ ಮಡಿಲಿಗೆ ಏರತೊಡಗಿದವು. ನಾಲ್ಕು ದಾಟಿತು. ಇಬ್ಬರೂ ಉಸಿರು ಬಿಗಿಹಿಡಿದೆವು.

“ಕೇಳಿಸ್ತಾ?” ಎಂದಳು.

ನನಗೆ ಕೇಳಿಸಿತೋ ಇಲ್ಲವೋ ಎಂಬುದನ್ನು ಇಲ್ಲೇ ಬರೆದುಬಿಡುತ್ತಿದ್ದೆ. ಆದರೆ ಪೆನ್ನು ಅವಳ ಹತ್ತಿರವೇ ಇದೆ.